ಟಾಪ್ ಗೇರ್: 2008ರಿಂದ ನೋಡುತ್ತಾ ಬಂದವನ ಅನುಭವ

ಟಾಪ್ ಗೇರ್ ಅಂದರೆ ಬಿಬಿಸಿಯ, ಕಾರುಗಳ ಬಗ್ಗೆ ಇರುವ ಟಿವಿ ಕಾರ್ಯಕ್ರಮ. ನಾನು ಇದನ್ನು ನೋಡಲು ಶುರು ಮಾಡಿದ್ದು 2008ರ ಮಳೆಗಾಲದಲ್ಲಿ. ಮನೆ ಕಾಸರಗೋಡಿನ ಮುಳ್ಳೇರಿಯದ ಹತ್ತಿರ. ಅಡಿಕೆಗೆ ಎರಡನೇ ಮದ್ದು ಬಿಡಬೇಕಿತ್ತು, ಮಳೆ ಬಿಡುತ್ತಿರಲಿಲ್ಲ. ಸುಮ್ನೆ ಕೂತು ಚಾನೆಲ್ ತಿರುಗಿಸುತ್ತಿದ್ದೆ. ಕಾರ್ಯಕ್ರಮದ ಮೂವರು ಬ್ರಿಟಿಷ್ ನಿರೂಪಕರು ಮೂರು ಹಳೇ ಕಾರುಗಳಲ್ಲಿ ಆಫ್ರಿಕಾದ ಬೋಟ್ಸ್‌ವಾನಾದ ಉಪ್ಪಿನ ಬಯಲು ದಾಟುತ್ತಿದ್ದರು. ಇಬ್ಬರು ತೂಕ ಇಳಿಸಲು ತಮ್ಮ ಕಾರಿನ ಬಿಡಿಭಾಗಗಳನ್ನು ಕಿತ್ತು ಹಾಕಿದ್ದರು. ಮೂರನೆಯವರು, ರಿಚರ್ಡ್ ಹ್ಯಾಮಂಡ್, ತಮ್ಮ 1963ರ ಓಪೆಲ್ ಕಡೆಟ್ ಕಾರಿನಿಂದ ಏನನ್ನೂ ಕೀಳಲು ಒಪ್ಪಲಿಲ್ಲ. ಅದಕ್ಕೆ ಆಲಿವರ್ ಅಂತ ಹೆಸರಿಟ್ಟಿದ್ದರು. ಮುಂದೆ ಅದು ನದಿಯಲ್ಲಿ ಮುಳುಗಿತು. ಎತ್ತಿ, ಒಣಗಿಸಿ, ರಿಪೇರಿ ಮಾಡಿ ಮತ್ತೆ ಓಡಿಸಿದರು. ಆಮೇಲೆ ಇಂಗ್ಲೆಂಡಿಗೇ ತರಿಸಿಕೊಂಡರು.

ಅಪ್ಪ ಪಕ್ಕದಲ್ಲಿದ್ದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ವರ್ಷಗಟ್ಟಲೆ ಜನರನ್ನು ಸಾಗಿಸುವ ಸರ್ವಿಸ್ ಜೀಪು ಓಡಿಸಿದವರು ಅವರು. ಸ್ವಲ್ಪ ಹೊತ್ತು ನೋಡಿ, "ಆ ಸಣ್ಣ ಕಾರಿನವನಿಗೆ ಗಾಡಿ ಮೇಲೆ ಪ್ರೀತಿ ಉಂಟು" ಅಂದರು. ಅವತ್ತಿನಿಂದ ಇದು ನಮ್ಮಿಬ್ಬರ ಕಾರ್ಯಕ್ರಮವಾಯಿತು.

ಕಾರು ಕೊಳ್ಳಲು ಇದು ಸಹಾಯ ಮಾಡಿತಾ ಅಂತ ಕೇಳಿದರೆ, ಇಲ್ಲ. 2014ರಲ್ಲಿ ನಾವು ಸೆಕೆಂಡ್ ಹ್ಯಾಂಡ್ ಆಲ್ಟೊ ತಗೊಂಡಾಗ ನನಗೆ ಬೇಕಾಗಿದ್ದು ಮೈಲೇಜು ಎಷ್ಟು, ಗ್ರೌಂಡ್ ಕ್ಲಿಯರೆನ್ಸ್ ಎಷ್ಟು, ನಮ್ಮ ಮನೆಯ ಮಣ್ಣಿನ ಏರು ಹತ್ತುತ್ತದಾ, ಸ್ಪೇರ್ ಪಾರ್ಟ್ಸ್ ಕಾಸರಗೋಡು ಪೇಟೆಯಲ್ಲೇ ಸಿಗುತ್ತದಾ ಎಂಬ ಲೆಕ್ಕ. ಅದನ್ನೆಲ್ಲ ಹೇಳುವ ಕಾರ್ಯಕ್ರಮ ಇದು ಹಿಂದೆ ಆಗಿತ್ತು. 1977ರಲ್ಲಿ ಬಿಬಿಸಿಯ ಬರ್ಮಿಂಗ್‌ಹ್ಯಾಮ್ ಕೇಂದ್ರದಿಂದ ಆ ಭಾಗದ ಜನರಿಗಾಗಿ ಶುರುವಾದ ಸ್ಥಳೀಯ ಕಾರ್ಯಕ್ರಮ. ಮುಂದಿನ ವರ್ಷ ಇಡೀ ದೇಶಕ್ಕೆ ಬಂತು. 2001ರಲ್ಲಿ ನಿಂತಿತು. 2002ರಲ್ಲಿ ಜೆರೆಮಿ ಕ್ಲಾರ್ಕ್‌ಸನ್, ಹ್ಯಾಮಂಡ್ ಜೊತೆ ಹೊಸ ರೂಪದಲ್ಲಿ ಬಂತು. ಮರುವರ್ಷ ಜೇಮ್ಸ್ ಮೇ ಸೇರಿದರು. ನಮಗೆಲ್ಲ ಗೊತ್ತಿರುವುದು ಈ ರೂಪವೇ. ಹಾಗಾಗಿ ಒಮ್ಮೆ ನಿಂತು ಮತ್ತೆ ಎದ್ದು ಬಂದ ಅನುಭವ ಇದಕ್ಕೆ ಇದೆ. 2023ರಲ್ಲಿ ಮತ್ತೆ ನಿಂತಿರುವುದನ್ನು ನೋಡಿ "ಮುಗೀತು" ಅನ್ನುವವರಿಗೆ ನಾನು ಇದನ್ನೇ ನೆನಪಿಸುತ್ತೇನೆ.

ನನಗೆ ಇದು ಕೊಟ್ಟದ್ದು ಬೇರೆ. 2011ರಲ್ಲಿ ನಮ್ಮ ಕಮಾಂಡರ್ ಜೀಪು ಒಂದು ತಿರುವಿನಲ್ಲಿ ಮಗುಚಿತು. ಮಳೆ ಬಿದ್ದ ರಸ್ತೆ, ಎದುರಿನಿಂದ ಲಾರಿ. ಜನ ಇರಲಿಲ್ಲ, ಅಪ್ಪ ಒಬ್ಬರೇ. ಭುಜದ ಮೂಳೆ ಮುರಿಯಿತು. ಮೂರು ತಿಂಗಳು ಮನೆಯಲ್ಲಿ. ಮಾತೇ ಕಡಿಮೆಯಾಯಿತು. ಆಗ ದುಬೈಯಿಂದ ಬಂದಿದ್ದ ಭಾವ ಹಳೇ ಸೀಸನ್‌ಗಳ ಡಿವಿಡಿ ತಂದಿದ್ದರು. ಅದರಲ್ಲಿ ಟೊಯೊಟಾ ಹೈಲಕ್ಸ್ ಪಿಕಪ್‌ದು ಇತ್ತು. 2003ರಲ್ಲಿ ಮಾಡಿದ್ದು. 1988ರ ಡೀಸೆಲ್ ಗಾಡಿ, ಮೂರು ಲಕ್ಷ ಕಿಲೋಮೀಟರ್ ಓಡಿದ್ದು. ಅದನ್ನು ಮರಕ್ಕೆ ಗುದ್ದಿಸುತ್ತಾರೆ. ಸಮುದ್ರದ ಭರತಕ್ಕೆ ಬಿಡುತ್ತಾರೆ. ಬೆಂಕಿ ಹಚ್ಚುತ್ತಾರೆ. ಕೊನೆಗೆ ಸುಮಾರು 70 ಮೀಟರ್ ಎತ್ತರದ ಕಟ್ಟಡದ ತುದಿಯಲ್ಲಿಟ್ಟು ಕಟ್ಟಡವನ್ನೇ ಸ್ಫೋಟಿಸಿ ಉರುಳಿಸುತ್ತಾರೆ. ಅವಶೇಷದಿಂದ ಹೊರಗೆ ತೆಗೆದರೆ ಮೆಕ್ಯಾನಿಕ್ ಹೊಸ ಪಾರ್ಟ್ಸ್ ಏನೂ ಹಾಕದೆ ಅದನ್ನು ಸ್ಟಾರ್ಟ್ ಮಾಡುತ್ತಾನೆ.

ಅಪ್ಪ ಅದನ್ನು ಎರಡು ಸಲ ಹಾಕಿಸಿ ನೋಡಿದರು. ಮರುದಿನ ಬೆಳಿಗ್ಗೆ, "ಜೀಪನ್ನು ಗುಜರಿಗೆ ಕೊಡುವುದು ಬೇಡ, ವರ್ಕ್‌ಶಾಪಿಗೆ ಎಳೆಸು" ಅಂದರು. ಬೋವಿಕ್ಕಾನದ ವರ್ಕ್‌ಶಾಪಿನ ಇಕ್ಕ (ಅಣ್ಣ) ಬಾನೆಟ್ ತೆಗೆದು ನೋಡಿ, "ಎಂಜಿನ್‌ಗೆ ಏನೂ ಆಗಿಲ್ಲ ಮೋನೇ (ಮಗನೇ), ಬಾಡಿ ಮಾತ್ರ" ಅಂದರು. ಅಪ್ಪ ಮತ್ತೆ ಸರ್ವಿಸಿಗೆ ಹೋಗಲಿಲ್ಲ. ಆದರೆ ಆ ಜೀಪು ಇಂದಿಗೂ ತೋಟದಿಂದ ಅಡಿಕೆ ತರುತ್ತದೆ. ಅದಕ್ಕೆ ಕಾರಣ ಆ ಸಂಜೆ ಅಂತ ನಾನು ನಂಬಿದ್ದೇನೆ.

ಇನ್ನು ಕುಂದುಗಳು. ಭಾರತಕ್ಕೆ ಬಂದ ವಿಶೇಷ ಸಂಚಿಕೆ 2011ರ ಡಿಸೆಂಬರ್‌ನಲ್ಲಿ ಪ್ರಸಾರವಾಯಿತು. ನಾವು ಅದಕ್ಕಾಗಿ ಕಾದು ಕೂತಿದ್ದೆವು. ಹಳೇ ರೋಲ್ಸ್ ರಾಯ್ಸ್, ಮಿನಿ, ಜಾಗ್ವಾರ್. ಜಾಗ್ವಾರ್‌ನ ಡಿಕ್ಕಿಗೆ ಕಕ್ಕಸು ಕೂರಿಸಿಕೊಂಡು ನಮ್ಮ ಊರುಗಳಲ್ಲಿ ತಿರುಗುವುದನ್ನು ನೋಡಿ ಮನಸ್ಸಿಗೆ ನೋವಾಯಿತು. ಲಂಡನ್‌ನ ಭಾರತೀಯ ಹೈಕಮಿಷನ್ ಬಿಬಿಸಿಗೆ ದೂರು ಕೊಟ್ಟಿತು, ಸರಿಯಾಗಿಯೇ ಕೊಟ್ಟಿತು. ಆ ಸಂಚಿಕೆಯಲ್ಲಿ ಹಿಮಾಲಯದ ರಸ್ತೆ ಇತ್ತು, ಅಲ್ಲಿ ಲಾರಿ ಓಡಿಸುವ ಜನ ಇದ್ದರು. ಅವರ ಜೊತೆ ಕೂತು ಒಂದು ಚಹಾ ಕುಡಿದಿದ್ದರೆ ಸಾಕಿತ್ತು, ಅಲ್ವಾ?

2015ರಲ್ಲಿ ಊಟದ ವಿಚಾರಕ್ಕೆ ಕ್ಲಾರ್ಕ್‌ಸನ್ ಒಬ್ಬ ನಿರ್ಮಾಪಕರ ಮೇಲೆ ಕೈ ಮಾಡಿದರು. ಬಿಬಿಸಿ ಅವರ ಕರಾರು ಮುಂದುವರಿಸಲಿಲ್ಲ. ಉಳಿದ ಇಬ್ಬರೂ ಹೊರಟರು. ಮೂವರೂ ನನಗೆ ತುಂಬಾ ಇಷ್ಟ, ಆದರೂ ಬಿಬಿಸಿ ಮಾಡಿದ್ದು ಸರಿ. ಕೆಲಸದ ಜಾಗದಲ್ಲಿ ಹೊಡೆಯುವುದನ್ನು ಒಪ್ಪಲು ಆಗುವುದಿಲ್ಲ. ಆಮೇಲಿನ ಕೆಲವು ವರ್ಷ ನಾನು ಅರ್ಧ ಮನಸ್ಸಿನಿಂದ ನೋಡಿದೆ. 2016ರಲ್ಲಿ ಬಂದ ಕ್ರಿಸ್ ಇವಾನ್ಸ್ ಒಂದೇ ಸೀಸನ್‌ಗೆ ಬಿಟ್ಟರು. 2019ರಲ್ಲಿ ಪ್ಯಾಡಿ ಮೆಗಿನ್ನಿಸ್, ಫ್ರೆಡ್ಡಿ ಫ್ಲಿಂಟಾಫ್ ಬಂದು ಕ್ರಿಸ್ ಹ್ಯಾರಿಸ್ ಜೊತೆ ಸೇರಿದ ಮೇಲೆ ಮತ್ತೆ ಜೀವ ಬಂತು. ಫ್ಲಿಂಟಾಫ್ ನಮಗೆ ಹೊಸಬರಲ್ಲ. 2002ರಲ್ಲಿ ವಾಂಖೆಡೆಯಲ್ಲಿ ಅಂಗಿ ಬಿಚ್ಚಿ ಓಡಿದ ಕ್ರಿಕೆಟಿಗ. ಅಪ್ಪ ಗುರುತು ಹಿಡಿದು ನಕ್ಕರು.

ಅದೇ ಫ್ಲಿಂಟಾಫ್‌ಗೆ 2022ರ ಡಿಸೆಂಬರ್‌ನಲ್ಲಿ ಅಪಘಾತವಾಯಿತು. ಕಾರ್ಯಕ್ರಮದವರು ಕಾರು ಓಡಿಸಿ ನೋಡುತ್ತಿದ್ದ ಡನ್ಸ್‌ಫೋಲ್ಡ್‌ನ ಟ್ರ್ಯಾಕಿನಲ್ಲಿ, ಮಾರ್ಗನ್ ಸೂಪರ್ 3 ಎಂಬ ಮೂರು ಚಕ್ರದ, ಮೇಲೆ ಮಾಡು (ಚಾವಣಿ) ಇಲ್ಲದ ಗಾಡಿ. ಮಗುಚಿತು. ತಲೆಗೆ ಹೆಲ್ಮೆಟ್ ಇರಲಿಲ್ಲ. ಮುಖಕ್ಕೆ ಭಾರೀ ಗಾಯ. ಮೂರು ಚಕ್ರದ ಗಾಡಿ ತಿರುವಿನಲ್ಲಿ ಏನು ಮಾಡುತ್ತದೆ ಅಂತ ನಮ್ಮ ಕಡೆ ಆಟೋ ಓಡಿಸುವ ಹುಡುಗರಿಗೂ ಗೊತ್ತು. ಮಾರ್ಗನ್‌ಗೆ ಎರಡು ಚಕ್ರ ಮುಂದೆ, ಒಂದು ಹಿಂದೆ. ಆಟೋದಷ್ಟು ಬೇಗ ವಾಲದಿರಬಹುದು. ಆದರೂ ಮಗುಚಿದರೆ ತಲೆಯ ಮೇಲೆ ಏನೂ ಇಲ್ಲ. ಅಪ್ಪನ ಜೀಪಿಗೆ ಕೊನೇ ಪಕ್ಷ ಕಬ್ಬಿಣದ ಚೌಕಟ್ಟು ಇತ್ತು.

2023ರ ಮಾರ್ಚ್‌ನಲ್ಲಿ ಚಿತ್ರೀಕರಣ ನಿಲ್ಲಿಸಿದರು. ನವೆಂಬರ್‌ನಲ್ಲಿ ಬಿಬಿಸಿ, ಸದ್ಯಕ್ಕೆ ಬ್ರಿಟನ್ನಿನ ಕಾರ್ಯಕ್ರಮಕ್ಕೆ ವಿಶ್ರಾಂತಿ ಎಂದು ಹೇಳಿತು. ಪತ್ರಿಕೆ, ಬೇರೆ ದೇಶಗಳ ಆವೃತ್ತಿ ಎಲ್ಲ ಮುಂದುವರಿಯುತ್ತವೆ ಎಂದೂ ಹೇಳಿತು. ಹೆಸರು ಇದೆ, ಬೋರ್ಡು ಇದೆ, ಅಂಗಡಿಯ ಬಾಗಿಲು ಮಾತ್ರ ಮುಚ್ಚಿದೆ. ನೋಡುಗನಿಗೆ ಇದು ಕಷ್ಟ. ನಿಂತಿದೆ ಅಂತ ನೇರವಾಗಿ ಹೇಳಿದ್ದರೆ ಒಂದು ಸಲ ಬೇಜಾರು ಮಾಡಿಕೊಂಡು ಸುಮ್ಮನಾಗಬಹುದಿತ್ತು.

ನಿಲ್ಲಿಸಿದ್ದು ಸರಿ. ಆದರೆ ಯಾವುದನ್ನು ನಿಲ್ಲಿಸಬೇಕು ಎಂಬುದನ್ನು ಅವರು ಯೋಚಿಸಬೇಕು. 2006ರಲ್ಲಿ ಹ್ಯಾಮಂಡ್ ಜೆಟ್ ಎಂಜಿನ್ನಿನ ಗಾಡಿಯಲ್ಲಿ ಗಂಟೆಗೆ 460 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಟೈರ್ ಒಡೆದು, ತಲೆಗೆ ಪೆಟ್ಟಾಗಿ ಸಾವಿನ ಹತ್ತಿರ ಹೋಗಿ ಬಂದರು. ಅದು ಎಲ್ವಿಂಗ್ಟನ್ ಎಂಬಲ್ಲಿ. ಎಲ್ವಿಂಗ್ಟನ್, ಡನ್ಸ್‌ಫೋಲ್ಡ್ ಎರಡೂ ಹಳೇ ವಿಮಾನ ನೆಲೆಗಳು. ಎದುರಿಂದ ಲಾರಿ ಬಾರದ, ಗುಂಡಿ ಇಲ್ಲದ, ಅಗಲವಾದ ಕಾಂಕ್ರೀಟು. ಈ ಎರಡು ದೊಡ್ಡ ಅಪಘಾತ ಆಗಿದ್ದು ಅಲ್ಲಿ. ಬೋಟ್ಸ್‌ವಾನಾ, ಬೊಲಿವಿಯಾ, ವಿಯೆಟ್ನಾಂ, ಬರ್ಮಾದಂಥ ಕೆಟ್ಟ ದಾರಿಗಳಲ್ಲಿ ಮುರಿದದ್ದು ಗಾಡಿಗಳು. ಜನ ಮನೆಗೆ ಬಂದರು. ನಾನು, ಅಪ್ಪ ನೆನಪಿಟ್ಟುಕೊಂಡಿರುವ ಸಂಚಿಕೆಗಳೂ ಆ ದಾರಿಯವೇ. ಟ್ರ್ಯಾಕಿನ ಲ್ಯಾಪ್ ಟೈಮ್ (ಒಂದು ಸುತ್ತಿಗೆ ಹಿಡಿದ ಸಮಯ) ಒಂದೂ ನನಗೆ ನೆನಪಿಲ್ಲ.

ಹಾಗಾಗಿ ಮತ್ತೆ ಶುರು ಮಾಡುವುದಾದರೆ ಟ್ರ್ಯಾಕ್ ಬಿಡಲಿ. ಕಡಿಮೆ ದುಡ್ಡಿನ ಹಳೇ ಗಾಡಿ, ಉದ್ದದ ದಾರಿ, ಒಬ್ಬರಿಗೊಬ್ಬರು ಜಗಳವಾಡುತ್ತಾ ಕಾಯುವ ಮೂವರು. ಅವರಲ್ಲಿ ಒಬ್ಬರಾದರೂ ಹೊಟ್ಟೆಪಾಡಿಗೆ ಗಾಡಿ ಓಡಿಸಿದವರಾಗಿರಲಿ. ಹೋದ ಊರಿನ ಮೆಕ್ಯಾನಿಕ್‌ಗೂ ಮಾತಾಡಲು ಸಮಯ ಕೊಡಲಿ. ಹಳೆಯ ಮೂವರನ್ನು ಕಾಯುವುದು ಬೇಡ. ಅವರು ಅಮೆಜಾನ್‌ನಲ್ಲಿ ನಡೆಸಿದ ದಿ ಗ್ರ್ಯಾಂಡ್ ಟೂರ್ 2024ರ ಸೆಪ್ಟೆಂಬರ್‌ನಲ್ಲಿ ಅವರ ಕೊನೆಯ ಪ್ರಯಾಣದೊಂದಿಗೆ ಮುಗಿಯಿತು. ಮುಗಿದದ್ದು ಬೋಟ್ಸ್‌ವಾನಾದ ಕುಬು ದ್ವೀಪದಲ್ಲಿ, ಅದೇ ಉಪ್ಪಿನ ಬಯಲಿನ ನಡುವೆ. ಅದನ್ನು ನೋಡುವಾಗ ನನಗೂ ಅಪ್ಪನಿಗೂ ಕಣ್ಣು ತುಂಬಿತ್ತು.

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಹೊಸದಾಗಿ ನೋಡುವವರು ಬೋಟ್ಸ್‌ವಾನಾದಿಂದ ಶುರು ಮಾಡಿ, ಆಮೇಲೆ ಹೈಲಕ್ಸ್, ಆಮೇಲೆ ಮೋಟಾರ್ ಸೈಕಲ್‌ಗಳಲ್ಲಿ ಹೋದ ವಿಯೆಟ್ನಾಂ ನೋಡಿ. ಮನೆಯಲ್ಲಿ ಡ್ರೈವಿಂಗ್ ಮಾಡಿ ವಯಸ್ಸಾದವರು ಯಾರಾದರೂ ಇದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಭಾಷೆಯ ಚಿಂತೆ ಬೇಡ.