ಕಾರ್ಬನ್ ಕ್ರೆಡಿಟ್ ನಂಬಿ ಹೊಲದಲ್ಲಿ ಮರ ನೆಡುವವರೇ, ಮೊದಲು ಸಸಿಯ ಚೀಲ ಹರಿದು ನೋಡಿ

ಹೊಲದಲ್ಲಿ ಸ್ಥಳೀಯ ಜಾತಿಯ ಮರ ಬೆಳೆಸಿ ಕಾರ್ಬನ್ ಕ್ರೆಡಿಟ್ (ಗಾಳಿಯಿಂದ ಮರ ಹೀರಿಟ್ಟ ಇಂಗಾಲದ ಲೆಕ್ಕಕ್ಕೆ ಸಿಗುವ, ಹಣಕ್ಕೆ ಮಾರಬಹುದಾದ ಪ್ರಮಾಣಪತ್ರ) ಪಡೆಯುವ ಕರಾರಿಗೆ ಸಹಿ ಹಾಕಲು ಹೊರಟಿದ್ದರೆ ಸ್ವಲ್ಪ ತಡೆಯಿರಿ. ನೆಟ್ಟು ಎರಡು ವರ್ಷ ತುಂಬುವಷ್ಟರಲ್ಲಿ ಸಾಲಿಗೆ ಸಾಲೇ ಒಣಗಿಹೋದ ಒಂದು ನೆಡುತೋಪಿನ ಪಾಠ ಇದು. ಮಳೆ ಕೈಕೊಟ್ಟಿತು ಎಂದೇ ಎಲ್ಲರೂ ಅಂದರು. ಸತ್ತ ಸಸಿಗಳನ್ನು ಕಿತ್ತು ತೊಳೆದಾಗ ಬೇರೆಯದೇ ಕಾರಣ ಕಂಡಿತು.

ಸರಬರಾಜಾದ ಸಸಿಗಳು ಎದೆಮಟ್ಟ ಇದ್ದವು. ಅಷ್ಟೆತ್ತರ ಆಗುವ ತನಕ ಪುಟ್ಟ ಚೀಲದಲ್ಲೇ ಉಳಿದಿದ್ದರಿಂದ ತಾಯಿಬೇರು ತಳದಲ್ಲಿ ಸುರುಳಿ ಸುತ್ತಿಕೊಂಡಿತ್ತು. ಇಂಥ ಬೇರು ನೆಲ ಸೇರಿದ ಮೇಲೂ ಸುತ್ತುತ್ತದೆಯೇ ಹೊರತು ಆಳಕ್ಕೆ ಇಳಿಯುವುದಿಲ್ಲ. ಬದುಕುಳಿದ ಗಿಡವೂ ಮುಂದೆ ದೊಡ್ಡದಾದಾಗ ಗಾಳಿಗೆ ಉರುಳಬಹುದು. ಹಾಗಾಗಿ ಪ್ರತಿ ಲೋಡಿನಿಂದ ಹತ್ತು ಚೀಲ ಹರಿದು ಬೇರು ತೊಳೆದು ನೋಡಿ. ಎರಡು ಮೂರರಲ್ಲಿ ಸುರುಳಿ ಕಂಡರೂ ಲೋಡನ್ನು ವಾಪಸ್ ಕಳಿಸಿ. ಮೊಣಕಾಲೆತ್ತರದ, ಬುಡ ಗಟ್ಟಿಯಿರುವ ಸಸಿಯೇ ಮೇಲು.

ಎರಡನೆಯ ತಪ್ಪು ಗುಂಡಿಯದು. ಒದ್ದೆ ಜೇಡಿಮಣ್ಣಿನಲ್ಲಿ ಯಂತ್ರದಿಂದ ಗುಂಡಿ ಕೊರೆದರೆ ತಿರುಗುವ ಅಲಗು ಒಳಗೋಡೆಯನ್ನು ಮಡಕೆ ತಿದ್ದಿದ ಹಾಗೆ ನುಣುಪು ಮಾಡಿಬಿಡುತ್ತದೆ. ಮಳೆಯಲ್ಲಿ ಅಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಬಿಸಿಲಿಗೆ ಗೋಡೆ ಗಟ್ಟಿಯಾಗಿ ಬೇರು ದಾಟುವುದಿಲ್ಲ. ಮಣ್ಣು ಹದವಾಗಿ ಆರಿದ ಮೇಲೆಯೇ ತೋಡಿ, ಹಾರೆಯಿಂದ ಗೋಡೆಯನ್ನು ಕೆತ್ತಿ ಒರಟು ಮಾಡಿ. ಕಾಂಡ ಬೇರಿಗೆ ಕೂಡುವ ಜಾಗ ನೆಲದ ಮಟ್ಟಕ್ಕಿರಲಿ; ಆಳ ಹೂತರೆ ಬುಡದ ತೊಗಟೆ ಕೊಳೆಯುತ್ತದೆ.

ಹುಲ್ಲನ್ನು ಕತ್ತರಿಸಿದರೆ ಸಾಕೆಂದು ಅಲ್ಲಿ ಭಾವಿಸಿದ್ದರು. ಕತ್ತರಿಸಿದ ಹುಲ್ಲಿನ ಬೇರು ಸತ್ತಿರುವುದಿಲ್ಲ, ಸಸಿಗೆ ಸೇರಬೇಕಾದ ನೀರನ್ನು ಅದೇ ಹೀರುತ್ತದೆ. ಸಸಿಯ ಸುತ್ತ 1 ಮೀಟರ್ ಅಗಲದ ಪಾತಿಯಲ್ಲಿ ಕಳೆಯನ್ನು ಬೇರುಸಹಿತ ತೆಗೆದು, 8–10 ಸೆಂಟಿಮೀಟರ್ ದಪ್ಪ ತರಗಿನ ಹೊದಿಕೆ ಹಾಕಿ, ಕಾಂಡದಿಂದ ಒಂದು ಗೇಣು ಜಾಗ ಬಿಡಿ. ಮೊದಲ ಮೂರು ವರ್ಷ ಈ ಕೆಲಸ ತಪ್ಪಬಾರದು.

ಇನ್ನು ಕಾಗದದ ಲೆಕ್ಕ. 'ಮರವೊಂದಕ್ಕೆ ಇಷ್ಟು' ಎಂದು ತೋರಿಸುವ ಅಂಕಿ ಸಾಮಾನ್ಯವಾಗಿ ಬಲಿತ ಮರದ್ದು. ಒಣತೂಕ 200 ಕೆಜಿ ಇರುವ ಮರದಲ್ಲಿ ಇಂಗಾಲ ಸುಮಾರು 94 ಕೆಜಿ. ಅದನ್ನೇ ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕೆ ತಂದರೆ 3.67 ಪಟ್ಟು, ಅಂದರೆ ಸುಮಾರು 345 ಕೆಜಿ. ಕರಾರಿನಲ್ಲಿ ಯಾವುದನ್ನು ಬರೆದಿದ್ದಾರೆಂದು ಕೇಳಿ ತಿಳಿದುಕೊಳ್ಳಿ. ಕಾಂಡದ ದಪ್ಪ ಎರಡು ಪಟ್ಟಾದರೆ ತೂಕ ನಾಲ್ಕು ಪಟ್ಟಿಗೂ ಮಿಕ್ಕಿ ಏರುತ್ತದೆ. ಆದ್ದರಿಂದಲೇ ಎಳೆಯ ಗಿಡಗಳ ಮೊದಲ ವರ್ಷಗಳಲ್ಲಿ ಅಳತೆಗೆ ಸಿಗುವುದು ತೀರಾ ಕಡಿಮೆ. ಆ ವರ್ಷಗಳ ಆದಾಯ ನೆಚ್ಚಿ ಸಾಲ ಮಾಡಬೇಡಿ.

ಮಣ್ಣಿನ ಇಂಗಾಲವೂ ಲೆಕ್ಕಕ್ಕಿದ್ದರೆ, ನೆಲ ಮುಟ್ಟುವ ಮೊದಲೇ ಕನಿಷ್ಠ 30 ಸೆಂಟಿಮೀಟರ್ ಆಳದವರೆಗಿನ ಮಾದರಿ ತೆಗೆಸಿ. ಅದರ ಜೊತೆ ಮಣ್ಣಿನ ಸಾಂದ್ರತೆಯನ್ನೂ ಅಳೆಸದಿದ್ದರೆ ಶೇಕಡಾವಾರು ಅಂಕಿಯನ್ನು ಟನ್ನಿಗೆ ತಿರುಗಿಸಲಾಗದು. ಇಡೀ ಹೊಲವನ್ನು ಆಳವಾಗಿ ಉಳುಮೆ ಮಾಡಿಸುವುದಂತೂ ಬೇಡ, ಇದ್ದ ಇಂಗಾಲವೇ ಗಾಳಿಗೆ ಹೋಗುತ್ತದೆ. ಹೊಸದನ್ನು ನೆಡಲೆಂದು ಇರುವ ಮರ ಕಡಿಯುವುದು ಇನ್ನೂ ದೊಡ್ಡ ಅನಾಹುತ.

ಸತ್ತ ಸಸಿಯ ಮರುನಾಟಿ ಯಾರ ಖರ್ಚು, ಎಷ್ಟು ವರ್ಷದವರೆಗೆ ಎಂಬುದು ಕರಾರಿನಲ್ಲೇ ಇರಲಿ. ಮರುನಾಟಿಗೆ ಮುಂಚೆ ಸತ್ತದ್ದನ್ನು ಕಿತ್ತು, ಬೇರು ತೊಳೆದು, ಫೋಟೊ ತೆಗೆದಿಡಿ. ಅದೇ ಲೋಡಿನಲ್ಲಿ ಮಿಕ್ಕ ಸಸಿಗಳಿಂದ ಖಾಲಿ ಗುಂಡಿ ತುಂಬಬೇಡಿ.