ಬಿ.ಎಚ್. ರಸ್ತೆಯ ಲ್ಯಾಬಿನಲ್ಲಿ ಥೈರಾಯ್ಡ್ ಪರೀಕ್ಷೆ: ಕೈ ಚುರುಕು, ವಿಚಾರಣೆ ಸಾಲದು

ತುಮಕೂರಿನ ಈ ಲ್ಯಾಬಿನಲ್ಲಿ ಬೆಳಗ್ಗೆ 7ಕ್ಕೇ ರಕ್ತ ತೆಗೆಯಲು ಶುರುಮಾಡುತ್ತಾರೆ. ಒಂದೇ ಸಲ ಚುಚ್ಚಿ ಮುಗಿಸುತ್ತಾರೆ. ಟ್ಯೂಬಿನ ಮೇಲೆ ಹೆಸರು, ಹೊತ್ತು ಎರಡನ್ನೂ ಕಣ್ಣೆದುರೇ ಬರೆಯುತ್ತಾರೆ. ಹೊತ್ತು ಬರೆಯುವುದು ಸಣ್ಣ ಮಾತಲ್ಲ. ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) ನಸುಕಿನಲ್ಲಿ ಏರಿ ಮಧ್ಯಾಹ್ನಕ್ಕೆ ಇಳಿಯುತ್ತದೆ. ಹೋದ ಸಲ ಬೆಳಗ್ಗೆ ಕೊಟ್ಟಿದ್ದರೆ ಈ ಸಲವೂ ಬೆಳಗ್ಗೆಯೇ ಕೊಡಿ.

ಕೊರತೆ ಇರುವುದು ಕೌಂಟರಿನಲ್ಲಿ. ಕೂದಲು ಉದುರುತ್ತದೆಂದು ನುಂಗುವ ಬಯೋಟಿನ್ ಮಾತ್ರೆಯ ಬಗ್ಗೆ ಯಾರೂ ಕೇಳುವುದಿಲ್ಲ. ಅದು ಕೆಲವು ಯಂತ್ರಗಳ ಲೆಕ್ಕ ಕೆಡಿಸಿ ಟಿಎಸ್‌ಎಚ್ ಕಡಿಮೆ, ಥೈರಾಯ್ಡ್ ಗ್ರಂಥಿ ಸುರಿಸುವ ಹಾರ್ಮೋನ್ ಟಿ4 ಹೆಚ್ಚು ಎಂದು ತೋರಿಸುತ್ತದೆ. ಕನಿಷ್ಠ 2 ದಿನ ಮೊದಲೇ ನಿಲ್ಲಿಸಬೇಕು. ಥೈರಾಯ್ಡ್ ಕೊರತೆಗೆ ನುಂಗುವ ಥೈರಾಕ್ಸಿನ್ ಮಾತ್ರೆಯನ್ನೂ ಆ ದಿನ ರಕ್ತ ಕೊಟ್ಟ ಮೇಲೆ ನುಂಗುವುದು ಒಳ್ಳೆಯದು.

ಇನ್ನೊಂದು ಊನ ದೊಡ್ಡದು. ಊಟ ಬಿಟ್ಟು ಸೊರಗಿದವರಲ್ಲಿ, ಅನೊರೆಕ್ಸಿಯಾ (ದಪ್ಪಗಾಗುವ ಭಯದಿಂದ ಊಟ ಬಿಡುವ ಕಾಯಿಲೆ) ಇರುವವರಲ್ಲಿ, ಇನ್ನೊಂದು ಥೈರಾಯ್ಡ್ ಹಾರ್ಮೋನ್ ಟಿ3 ಇಳಿದರೂ ಟಿಎಸ್‌ಎಚ್ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಹಸಿದ ದೇಹ ಖರ್ಚು ತಗ್ಗಿಸಿಕೊಂಡಿರುತ್ತದೆ, ಗ್ರಂಥಿ ಕೆಟ್ಟಿರುವುದಿಲ್ಲ. ಆದರೆ ವರದಿಯಲ್ಲಿ ಟಿ3 ಎದುರು ದಪ್ಪಕ್ಷರದ 'ಕಡಿಮೆ' ಒಂದೇ ಕಾಣುತ್ತದೆ, ಮನೆಯವರು ಹೆದರಿ ಥೈರಾಯ್ಡ್ ಮಾತ್ರೆ ಕೇಳುತ್ತಾರೆ. ಆ ಮಾತ್ರೆ ಇದ್ದಬದ್ದ ತೂಕವನ್ನೂ ಕರಗಿಸಿ ಹೃದಯಕ್ಕೆ ಭಾರವಾಗುತ್ತದೆ. ದಯವಿಟ್ಟು ತೂಕ ಎಷ್ಟು ಇಳಿದಿದೆ, ಮುಟ್ಟು ನಿಂತಿದೆಯೇ ಎಂಬುದನ್ನು ವರದಿಯ ಜೊತೆಗೇ ವೈದ್ಯರಿಗೆ ಹೇಳಿ.