ತಿಗಣೆಗೆ ಬಿಸಿಯೋ, ಮದ್ದೋ?

ಕುಂಬಳೆಯ ಹಳೆಯ ಹಂಚಿನ ಮನೆಯಲ್ಲಿ ತಿಗಣೆ ಸೇರಿಕೊಂಡಿದೆ, ಬಿಸಿಯ ಉಪಚಾರ ಒಳ್ಳೆಯದೋ ಮದ್ದಿನ ಸಿಂಪಡಣೆಯೋ ಎಂದು ಕೇಳಿದ್ದೀರಿ. ಮೊದಲು ಹಾಸಿಗೆಯ ಹೊಲಿಗೆಯಲ್ಲಿ, ಮಂಚದ ಸಂದುಗಳಲ್ಲಿ ಮಸಿಯಂಥ ಚುಕ್ಕೆಗಳು ಮತ್ತು ಕಳಚಿದ ಪೊರೆ ಇವೆಯೇ ಎಂದು ನೋಡಿ. ಮೈಮೇಲಿನ ಗುಳ್ಳೆಯೊಂದೇ ಸಾಕ್ಷಿಯಾಗದು, ಸೊಳ್ಳೆ ಕಚ್ಚಿದರೂ ಹಾಗಾಗುತ್ತದೆ.

ಖರ್ಚಿನಲ್ಲಿ ಬಿಸಿ ಅಗ್ಗ. ಸುಮಾರು 60 ಡಿಗ್ರಿ ಬಿಸಿನೀರಿನಲ್ಲಿ ಒಗೆದ ಬಟ್ಟೆಯಲ್ಲಿ ಹುಳವೂ ಮೊಟ್ಟೆಯೂ ಉಳಿಯುವುದಿಲ್ಲ. ಮರದ ಮಂಚಕ್ಕೆ ಕುದಿನೀರು ಸುರಿಯುವ ಅಜ್ಜಿಯಂದಿರ ಕ್ರಮದ ಹಿಂದಿನ ತಿಳಿವಳಿಕೆಯೂ ಇದೇ. ಆದರೆ ಗೋಡೆಯ ಬಿರುಕಿಗೆ, ಮಾಡಿನ ಪಕ್ಕಾಸಿಗೆ ನೀರು ತಲುಪದು. ಬರಿಯ ಬಿಸಿಲನ್ನಂತೂ ನೆಚ್ಚಬಾರದು, ಹಾಸಿಗೆಯ ಒಳಭಾಗ ಸಾಕಷ್ಟು ಕಾಯುವುದಿಲ್ಲ; ಆಟಿಯ ಮಳೆಯಲ್ಲಿ ಆ ಬಿಸಿಲೂ ಇಲ್ಲ.

ಅಂಥ ಸಂದುಗಳಿಗೆ ತರಬೇತಿ ಪಡೆದವರ ಸಿಂಪಡಣೆಯೇ ಮೇಲು. ಆದರೂ ಪೈರೆಥ್ರಾಯ್ಡ್ ಎಂಬ ಗುಂಪಿನ ಕೀಟನಾಶಕ ಮದ್ದುಗಳನ್ನು ತಾಳಿಕೊಳ್ಳುವ ತಿಗಣೆಗಳು ಅನೇಕ ಕಡೆ ಇವೆ. ಮೊಟ್ಟೆಗಳಿಗೆ ಮದ್ದು ಅಷ್ಟಾಗಿ ತಾಗದ ಕಾರಣ, ಅವು ಒಡೆದ ಮೇಲೆ, ಸುಮಾರು ಎರಡು ವಾರ ಬಿಟ್ಟು, ಮತ್ತೆ ಸಿಂಪಡಿಸಬೇಕಾಗುತ್ತದೆ. ಅಡಕೆ ತೋಟಕ್ಕೆ ಹೊಡೆಯುವ ಮದ್ದನ್ನು ದಯವಿಟ್ಟು ಮಲಗುವ ಕೋಣೆಗೆ ತರಬೇಡಿ.

ಒಂದೇ ಮಂಚದಲ್ಲಿ ಕಂಡಿದ್ದರೆ, ಅಥವಾ ಮನೆಯಲ್ಲಿ ಬಾಣಂತಿಯೋ ಉಬ್ಬಸದವರೋ ಇದ್ದರೆ, ಬಿಸಿಯಿಂದಲೇ ಆರಂಭಿಸಿ. ಹಲವು ಕೋಣೆಗಳಿಗೆ ಹರಡಿದ್ದರೆ ಎರಡನ್ನೂ ಜೊತೆಯಾಗಿ ಮಾಡಿಸಬೇಕಾಗುತ್ತದೆ.